ಚುಕ್ಕೆಯಾಚೆಯ ಒಂಬತ್ತು

ಪುರಸಭೆಗೆ ಬಂದ ಹೊಸ ಸಾಹೇಬರಿಗೆ ದಶಮಾಂಶ ಕಂಡರೆ ಆಗುತ್ತಿರಲಿಲ್ಲ. ಕೆರೆಬೀದಿಗೆ ದಿನಕ್ಕೆ 1.9 ಟ್ಯಾಂಕರ್ ನೀರು ಬೇಕೆಂದು ಗುಮಾಸ್ತೆ ಚಿಕ್ಕತಾಯಮ್ಮ ಬರೆದು ತಂದಾಗ ಅವರು ಮುಖ ಸಿಂಡರಿಸಿದರು.

"ಚುಕ್ಕೆ ಆದಮೇಲೆ ಬರೋದೆಲ್ಲ ಚಿಲ್ಲರೆ ಕಣ್ರೀ. ಹೊಡೆದುಹಾಕಿ. ನನ್ನ ಆಫೀಸಿನ ಯಾವ ಕಾಗದದಲ್ಲೂ ಚುಕ್ಕೆ ಕಾಣಬಾರದು."

"ಎರಡು ಅಂತ ಬರೆದರೆ ಹತ್ತಿರ ಆಗುತ್ತೆ ಸಾರ್."

"ಹೇಳಿದಷ್ಟು ಮಾಡಿ."

ಬೀದಿಗೆ ಒಂದೇ ಟ್ಯಾಂಕರ್ ಹೋಯಿತು. ಅರ್ಧ ಬೀದಿಯ ಕೊಡಗಳು ಖಾಲಿ ಉಳಿದವು. ಸಾಹೇಬರ ಹೊಸ ಕುರ್ಚಿಗೆಂದು ಬಡಗಿಗೆ ಕಳಿಸುವ ಅಳತೆಯ ಕಾಗದ ಮೇಜಿನ ಮೇಲಿತ್ತು. ಆಸನದ ಅಗಲ 1.9 ಅಡಿ. ಚಿಕ್ಕತಾಯಮ್ಮ ಅದನ್ನು ಒಂದು ಅಡಿ ಎಂದು ತಿದ್ದಿ, ಸಾಹೇಬರ ರುಜುವನ್ನೂ ಹಾಕಿಸಿ ಕಳಿಸಿದರು.

ವಾರದೊಳಗೆ ತೇಗದ ಕುರ್ಚಿ ಬಂತು. ಸಾಹೇಬರು ಗತ್ತಿನಿಂದ ಕೂರಹೋಗಿ, ಕುರ್ಚಿಯ ಎರಡು ಕೈಗಳ ನಡುವೆ ಅರ್ಧಕ್ಕೇ ಸಿಕ್ಕಿಕೊಂಡರು. ಎದ್ದರೆ ಕುರ್ಚಿಯೂ ಜೊತೆಗೇ ಎದ್ದಿತು.

"ಇದೇನ್ರೀ ಇದು?"

"ಚುಕ್ಕೆ ಆಚೆಗಿನ ಚಿಲ್ಲರೆ ಬಿಟ್ಟಿದ್ದೀವಿ ಸಾರ್, ಅಷ್ಟೇ."

ಸಾಹೇಬರು ಬಗ್ಗಿ ನಿಂತೇ ನೀರಿನ ಫೈಲು ತರಿಸಿ, ಒಂದನ್ನು ಹೊಡೆದು ಎರಡು ಎಂದು ಬರೆದರು.

"ಈಗಲಾದರೂ ಬಡಗೀನ ಕರೆಸ್ರೀ."

"ಅವರ ಮನೆ ಕೆರೆಬೀದೀಲೇ ಸಾರ್. ಎರಡನೇ ಟ್ಯಾಂಕರ್ ಹೋಗಲಿ, ನೀರು ಹಿಡಿದಿಟ್ಟು ಬರ್ತಾರೆ."