ಎಲ್ಲರ ದೋಣಿ, ಹಳೆಯ ಕಲ್ಲು

ಶಿಷ್ಯ ಕೇಳಿದ: "ಗುರುಗಳೇ, ನಮ್ಮ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದೇವೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಈಗ ಅದರ ಕೈಪಿಡಿಯ ವಿಷಯದಲ್ಲೇ ಜಗಳ. ಯಂತ್ರದಿಂದಲೇ ಬರೆಸೋಣ ಅನ್ನುತ್ತಾರೆ ಕೆಲವರು. ಒಳ್ಳೆಯ ಬರಹಗಾರನನ್ನು ಹುಡುಕೋಣ ಅನ್ನುತ್ತಾರೆ ಇನ್ನು ಕೆಲವರು. ಯಾವುದು ಸರಿ?"

"ಜಗಳ ಮುಗಿಯುವವರೆಗೆ ತಂತ್ರಾಂಶದ ಕೆಲಸ ನಿಲ್ಲಿಸಿದ್ದೀರಾ?"

"ಎಲ್ಲಿ ನಿಲ್ಲುತ್ತದೆ? ನಿನ್ನೆ ತಾನೇ ಅದನ್ನು ಶುರುಮಾಡುವ ಕ್ರಮವನ್ನೇ ನಾನು ಬದಲಾಯಿಸಿದೆ. ಕೈಪಿಡಿಯಲ್ಲಿ ಇನ್ನೂ ಹಳೆಯ ಕ್ರಮವೇ ಇದೆ."

ಗುರುಗಳು ಅವನ ಮುಖವನ್ನೊಮ್ಮೆ ನೋಡಿ ಕತೆ ಹೇಳತೊಡಗಿದರು.

ಒಂದು ಹೊಳೆ. ಅದರ ದಡದಲ್ಲಿ ಒಂದು ದೋಣಿ. ಅದಕ್ಕೆ ಒಡೆಯನಿಲ್ಲ. ಯಾರು ಬೇಕಾದರೂ ದಾಟಬಹುದು, ಯಾರು ಬೇಕಾದರೂ ರಿಪೇರಿ ಮಾಡಬಹುದು. ನಡುಹೊಳೆಯಲ್ಲೊಂದು ಬಂಡೆ. ಅದನ್ನು ತಪ್ಪಿಸಲು ಚುಕ್ಕಾಣಿಯ ಹಿಡಿಯನ್ನು ನಿನ್ನತ್ತ ಎಳೆ ಎಂದು ಊರಿನವರು ದಡದ ಕಲ್ಲಿನಲ್ಲಿ ಕೆತ್ತಿಸಿದ್ದರು. ಅಕ್ಷರಗಳೋ, ಮುತ್ತು ಪೋಣಿಸಿದ ಹಾಗೆ. ಬಂದವರಿಗೆಲ್ಲ ಆ ಕಲ್ಲು ತೋರಿಸುವುದೇ ಊರಿನವರಿಗೆ ಒಂದು ಹೆಮ್ಮೆ.

ಒಬ್ಬ ಬಡಗಿ ಚುಕ್ಕಾಣಿ ಬಿಚ್ಚಿ ಅದು ಇನ್ನೂ ಹಗುರಾಗಿ ತಿರುಗುವಂತೆ ಮಾಡಿದ. ಈಗ ಹಿಡಿಯನ್ನು ಎಳೆಯುವ ಬದಲು ತಳ್ಳಬೇಕು. ಊರಿನವರಿಗೆ ಬೇಗನೆ ಕೈ ಕೂತಿತು. ಕಲ್ಲಿನ ನೆನಪು ಯಾರಿಗೆ?

ಪರವೂರಿನ ಬಳೆಗಾರ್ತಿಯೊಬ್ಬಳು ಬಂದಳು. ಕಲ್ಲು ಓದಿದಳು, ದೋಣಿ ಹತ್ತಿದಳು, ಬಂಡೆ ಕಂಡಾಗ ಹಿಡಿಯನ್ನು ಎಳೆದಳು. ದೋಣಿ ನೇರ ಬಂಡೆಗೇ ಬಡಿದು ವಾಲಿತು. ಮಾರಲು ತಂದಿದ್ದ ಬಳೆಗಳ ಮಲಾರ ನೀರುಪಾಲಾಯಿತು. ಅವಳು ದೋಣಿಯ ಅಂಚು ಹಿಡಿದು ಹೇಗೋ ಜೀವ ಉಳಿಸಿಕೊಂಡು ದಡ ಸೇರಿದಳು.

ಊರ ಹಿರಿಯರು ಅಯ್ಯೋ ಪಾಪ, ಬಡಗಿ ಚುಕ್ಕಾಣಿ ಬದಲಿಸಿದ್ದು ನಿನಗೆ ಗೊತ್ತಿರಲಿಲ್ಲ ಎಂದರು. ಇನ್ನು ಮುಂದೆ ಹೊಸಬರು ದೋಣಿ ಮುಟ್ಟುವುದೇ ಬೇಡ ಎಂದೂ ತೀರ್ಮಾನ ಮಾಡಿಬಿಟ್ಟರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒದ್ದೆ ಸೀರೆಯಲ್ಲೇ ಮತ್ತೆ ದೋಣಿ ಹತ್ತಿ ಚುಕ್ಕಾಣಿಯ ಪಕ್ಕ ಕೂತಳು. "ಹೊಸಬರಿಗಲ್ಲದಿದ್ದರೆ ಆ ಬರಹ ಯಾರಿಗೆ ಬರೆಸಿದಿರಿ? ನಾನು ಇಳಿಯುವುದಿಲ್ಲ" ಎಂದಳು.

ಅಂದು ಆಚೆ ದಡದಲ್ಲಿ ಸಂತೆ. ದಾಟಬೇಕಾದವರೆಲ್ಲ ಬಂದು ನಿಂತರು. ಅವರಲ್ಲೊಬ್ಬ ಜಾಣ ದೋಣಿಯನ್ನು ಸುತ್ತಿ ನೋಡಿ, ಅದರ ಭಾಗಗಳನ್ನೆಲ್ಲ ತಾಳೆಗರಿಯಲ್ಲಿ ಬರೆದು ಕೊಟ್ಟ. ಇದು ಹಲಗೆ, ಇದು ಹುಟ್ಟು, ಇದು ಚುಕ್ಕಾಣಿ. ಒಂದೂ ತಪ್ಪಿರಲಿಲ್ಲ.

"ಹುಟ್ಟು ಯಾವುದು ಅಂತ ನನಗೂ ಗೊತ್ತು ಕಣಪ್ಪಾ. ಬಂಡೆ ತಪ್ಪಿಸುವುದು ಹೇಗೆ ಅಂತ ಎಲ್ಲಿದೆ?" ಎಂದು ಅವಳು ಗರಿಯನ್ನು ಅವನ ಕೈಗೇ ಕೊಟ್ಟಳು. ಒಲೆಯಿಂದ ಇದ್ದಿಲು ತರಿಸಿ ಬಡಗಿಯ ಮುಂದೆ ಹಿಡಿದಳು.

"ಬರೆಯುವುದು ನನ್ನ ಕೆಲಸವಲ್ಲ" ಎಂದ ಬಡಗಿ. ಇದ್ದಿಲಿನ ಬರಹ ಅಳಿಸಿಹೋಗುತ್ತದೆ ಎಂದರು ಹಿರಿಯರು.

"ಅಳಿಸಿದರೆ ಮತ್ತೆ ಬರೆಯಿರಿ. ಚುಕ್ಕಾಣಿ ಬದಲಿಸಿದ ಕೈಯೇ ಬರೆಯಬೇಕು, ಅಲ್ಲಿಯವರೆಗೆ ದೋಣಿ ಕದಲುವುದಿಲ್ಲ. ಆ ಕಲ್ಲನ್ನು ಮಗುಚಿ ಹಾಕಿ, ಹತ್ತಲು ಮೆಟ್ಟಿಲಾದರೂ ಆಗಲಿ."

ಸಂತೆಯ ಹೊತ್ತು ಮೀರುತ್ತಿತ್ತು. ಊರಿನವರು ಒಲ್ಲದ ಮನಸ್ಸಿನಿಂದ ಕಲ್ಲನ್ನು ಮಗುಚಿದರು. ಬಡಗಿ ಗೊಣಗುತ್ತಲೇ ಚುಕ್ಕಾಣಿಯ ಪಕ್ಕದ ಹಲಗೆಯಲ್ಲಿ, ಬಂಡೆ ಬಂದರೆ ಹಿಡಿಯನ್ನು ತಳ್ಳು ಎಂದು ಬರೆದ. ಅಷ್ಟಕ್ಕೂ ಅವಳು ಬಿಡಲಿಲ್ಲ. ಆ ದೋಣಿಯನ್ನು ಎಂದೂ ಮುಟ್ಟದವನೊಬ್ಬನನ್ನು ಕರೆದು, ಓದಿಕೊಂಡು ನಡೆಸು ಎಂದಳು. ದೋಣಿ ಬಂಡೆಯನ್ನು ತಪ್ಪಿಸಿಕೊಂಡು ಆಚೆ ದಡ ಸೇರಿತು. ಆಮೇಲಷ್ಟೇ ಅವಳು ಇಳಿದಳು.

ಶಿಷ್ಯ ಮತ್ತೆ, "ಹಾಗಾದರೆ ಯಂತ್ರವೋ, ಬರಹಗಾರನೋ?" ಎಂದ.

"ಅದಿರಲಿ, ನಿನ್ನೆಯಿಂದ ನಿನ್ನ ದೋಣಿಯಲ್ಲಿ ಎಷ್ಟು ಜನ ಮುಳುಗಿದರು?" ಎಂದರು ಗುರುಗಳು.