ಮೂರನೆಯ ಪ್ಲೇಟು

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡಿತ್ತು. ಹೊರದೇಶದ ಕಂಪನಿಯೊಂದು ಅದಕ್ಕೆ 'ಕೌಶಲ್ಯ ತರಬೇತಿ ಕೇಂದ್ರ' ಎಂದು ಬೋರ್ಡು ಹಾಕಿಸಿತ್ತು. ಊರಿನವರು ಮಾತ್ರ ಅದನ್ನು ಆಶ್ರಮ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಒಳಗಿದ್ದವರು ಮಾತಿಲ್ಲದೆ ಕಬ್ಬಿಣ ಕೆರೆಯುತ್ತಾ ಕೂತರೆ ಊರಿನವರು ಪಾಪ ಇನ್ನೇನು ಅನ್ನಬೇಕು.

ಅಲ್ಲಿನ ಗುರು ಕರಿಬಸಪ್ಪ ಮೇಷ್ಟ್ರು. ಶಿಷ್ಯರಲ್ಲಿ ಒಬ್ಬಳು ಹಾಲಮ್ಮ.

ಹಾಲಮ್ಮ ಮೊದಲು ಅದೇ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಗಳಿಗೆ ಟೇಪು ಹಚ್ಚುತ್ತಿದ್ದಳು. ಅಲ್ಲಿ ಕೈ ಓಡುತ್ತಿತ್ತು, ತಲೆ ಮಲಗಿರುತ್ತಿತ್ತು. ಇಲ್ಲಿಗೆ ಬಂದ ಮೇಲೆ ಎರಡೂ ಎಚ್ಚರವಾದವು. ಈ ಕೆಲಸವನ್ನು ಅವಳು ಪ್ರಾಣದಂತೆ ಪ್ರೀತಿಸುತ್ತಿದ್ದಳು.

ಕೆಲಸ ಇಷ್ಟೇ. ದೊಡ್ಡ ಯಂತ್ರದ ತಳ ಪೂರಾ ಸಪಾಟಾಗಿರಬೇಕು. ಅದಕ್ಕಾಗಿ ಸಪಾಟಾದ ಒಂದು ಕಬ್ಬಿಣದ ಪ್ಲೇಟಿಗೆ ನೀಲಿ ಬಣ್ಣ ಸವರಿ, ತಳದ ಮೇಲಿಟ್ಟು ಉಜ್ಜುತ್ತಾರೆ. ನೀಲಿ ಹತ್ತಿದ ಕಡೆ ಉಬ್ಬಿದೆ ಎಂದರ್ಥ. ಆ ಉಬ್ಬನ್ನು ಉಳಿಯಂಥ ಸ್ಕ್ರೇಪರಿನಿಂದ ಕೈಯಲ್ಲೇ ಕೆರೆಯುತ್ತಾರೆ. ಮತ್ತೆ ನೀಲಿ, ಮತ್ತೆ ಕೆರೆತ. ತಳದ ತುಂಬ ನೀಲಿ ಒಂದೇ ಸಮನಾಗಿ ಹತ್ತುವ ತನಕ ಬಿಡುಗಡೆಯಿಲ್ಲ.

ಆ ಪ್ಲೇಟು ಕಂಪನಿಯ ದೇಶದಿಂದ ಮೆತ್ತೆ ಹಾಸಿದ ಪೆಟ್ಟಿಗೆಯಲ್ಲಿ ಮದುಮಗಳ ಹಾಗೆ ಬಂದಿಳಿದಿತ್ತು. ಒಂದು ಬೆಳಿಗ್ಗೆ ಅದನ್ನು ಎತ್ತುವಾಗ ಸರಪಳಿ ಜಾರಿತು. ಪ್ಲೇಟು ಬಿದ್ದು ಎರಡು ಹೋಳಾಯಿತು.

ಕೆಲವು ದಿನಗಳಾದ ಮೇಲೆ ಕಾರ್ಖಾನೆಯ ಮುಖ್ಯಸ್ಥರು ಶೆಡ್ಡಿಗೆ ಬಂದರು. ಅವರ ಹೆಸರು ವಾಲ್ಟರ್. ಅವರು ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಹಾಗಾಗಿ ಅಲ್ಲಿದ್ದ ಎಲ್ಲರಿಗಿಂತ ಶುದ್ಧವಾಗಿ ಮಾತಾಡುತ್ತಿದ್ದರು.

"ಮುಖ್ಯ ಕಚೇರಿಯವರು ಹೊಸ ಪ್ಲೇಟನ್ನು ಕಳುಹಿಸುವುದಿಲ್ಲವಂತೆ," ಎಂದರು. "ಈ ಕೇಂದ್ರವನ್ನು ಮುಚ್ಚಿರಿ ಎನ್ನುತ್ತಿದ್ದಾರೆ. ಯಂತ್ರದ ತಳಗಳನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ಸಾಗಿಸಿ, ಅಲ್ಲಿಯೇ ಸಪಾಟು ಮಾಡಿಸುತ್ತಾರಂತೆ. ನನಗೆ ಇದು ಇಷ್ಟವಿಲ್ಲ. ಆದರೆ ನನ್ನ ಮಾತು ನಡೆಯುತ್ತಿಲ್ಲ."

"ಇಲ್ಲಿ ಇರೋರು ಎಲ್ಲಿಗೆ ಹೋಗ್ಬೇಕ್ರಿ?" ಹಾಲಮ್ಮ ಕೇಳಿದಳು.

"ಮರಳಿ ಪ್ಯಾಕಿಂಗಿಗೆ."

ಟೇಪು ಹಚ್ಚಿದ ಡಬ್ಬಗಳ ಸಾಲು ಹಾಲಮ್ಮನ ಕಣ್ಮುಂದೆ ಬಂತು.

ಮೇಷ್ಟ್ರು ಕೈಯ ನೀಲಿಯನ್ನು ಒರೆಸಿಕೊಂಡರು. "ಪ್ಲೇಟು ನಾವೇ ಮಾಡ್ಕೊಂಡ್ರೆ?"

"ಯಾವುದನ್ನು ನೋಡಿ ಮಾಡುತ್ತೀರಿ? ಸಪಾಟು ಪ್ಲೇಟು ಮಾಡಲು ಮೊದಲು ಒಂದು ಸಪಾಟು ಪ್ಲೇಟು ಬೇಕಲ್ಲವೇ?"

"ಮೊಟ್ಟಮೊದಲನೇ ಪ್ಲೇಟನ್ನ ಯಾವುದನ್ನ ನೋಡಿ ಮಾಡಿದ್ರು, ಸಾಹೇಬ್ರೆ?"

ವಾಲ್ಟರ್ ನಕ್ಕುಬಿಟ್ಟರು. "ಆ ವಿದ್ಯೆ ಏನೆಂದು ನನಗೂ ಗೊತ್ತು. ಆದರೆ ಈ ಕಾಲದಲ್ಲಿ ಅಷ್ಟು ತಾಳ್ಮೆ ಯಾರಿಗಿದೆ?"

ಮೇಷ್ಟ್ರು ಗದ್ದ ಎತ್ತಿ ಹಾಲಮ್ಮನ ಕಡೆ ತೋರಿಸಿದರು.

ಹಾಲಮ್ಮ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ದೀಪಾವಳಿ ಕಳೆದ ಮೇಲೆ ಅಳತೆಯ ಉಪಕರಣ ತರುತ್ತೇನೆ," ಎಂದರು ವಾಲ್ಟರ್. "ಅಲ್ಲಿಯ ತನಕ ಬೀಗ ಬೀಳದಂತೆ ನೋಡಿಕೊಳ್ಳುವುದು ನನ್ನ ಹೊಣೆ. ಪ್ಲೇಟು ಸರಿಯಿದ್ದರೆ ಕೇಂದ್ರ ಉಳಿಯುತ್ತದೆ."

ಅವರು ಹೋದ ಮೇಲೆ ಮೇಷ್ಟ್ರು ಹಾಲಮ್ಮನಿಗೆ ಹೇಳಿದರು. "ಹಿತ್ತಲಾಗೆ ಮೂರು ಕಬ್ಬಿಣದ ಪ್ಲೇಟು ಬಿದ್ದಾವೆ. ಒಳಗೆ ತರಿಸ್ಕೋ. ಒಂದಕ್ಕೊಂದು ಕೂಡೋ ಹಂಗೆ ಕೆರಿ."

ಹಾಲಮ್ಮ ತನ್ನಲ್ಲೇ ಲೆಕ್ಕ ಹಾಕಿದಳು. ಒಂದಕ್ಕೊಂದು ಕೂಡಬೇಕೆಂದರೆ ಎರಡಿದ್ದರೆ ಸಾಕು. ದಿನಗಳು ಕಡಿಮೆ ಇರುವಾಗ ಮೂರನೆಯದು ಯಾರಿಗೆ ಬೇಕು? ಅದನ್ನು ಗೋಡೆಯ ಬದಿಗೆ ತಳ್ಳಿ, ಅದರ ಮೇಲೆ ತನ್ನ ಬುತ್ತಿ ಡಬ್ಬಿ ಇಟ್ಟಳು.

ಮೇಷ್ಟ್ರು ಡಬ್ಬಿಯನ್ನು ನೋಡಿದರು. ಚಹಾ ಕುಡಿಯಲು ಎದ್ದು ಹೋದರು.

ಹಾಲಮ್ಮ ಕೆರೆದಳು. ಅಂಗೈ ಬೊಬ್ಬೆ ಬಂದು ಒಡೆಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೆರೆದಳು. ಒಂದರ ಉಬ್ಬನ್ನು ಇನ್ನೊಂದು ಹೇಳುತ್ತಿತ್ತು, ಅದರ ಉಬ್ಬನ್ನು ಇದು ಹೇಳುತ್ತಿತ್ತು. ದಿನ ಕಳೆದ ಹಾಗೆ ನೀಲಿ ಹರಡಿಕೊಳ್ಳುತ್ತಾ ಬಂತು. ಕೊನೆಗೆ ಎರಡು ಪ್ಲೇಟಿನ ತುಂಬ ನೀಲಿ ಒಂದೇ ಸಮನಾಗಿ ಕೂತಿತು. ಒಂದರ ಮೇಲೊಂದು ಇಟ್ಟರೆ ನಡುವೆ ಗಾಳಿಗೂ ಜಾಗವಿಲ್ಲ.

ಶೆಡ್ಡಿನಲ್ಲಿ ಹಬ್ಬವಾಯಿತು. ಯಾರೋ ಓಡಿಹೋಗಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರು. ಹಾಲಮ್ಮ ಮೊದಲ ಮಿರ್ಚಿಯನ್ನು ಮೇಷ್ಟ್ರ ಕೈಗೆ ಕೊಟ್ಟಳು.

"ಗೆದ್ವಿ, ಮೇಷ್ಟ್ರೇ."

ಮೇಷ್ಟ್ರು ಮಿರ್ಚಿ ತಿಂದು ಮುಗಿಸಿದರು. ಆಮೇಲೆ ಹೋಗಿ ಬುತ್ತಿ ಡಬ್ಬಿಯನ್ನು ಎತ್ತಿ ಕಿಟಕಿಯಲ್ಲಿಟ್ಟರು.

"ಇದನ್ನೂ ನಿನ್ನ ಮೊದಲನೇದಕ್ಕೆ ಕೂಡಿಸು," ಎಂದರು.

"ಎರಡು ಆಗ್ಯಾವಲ್ರಿ. ಸಾಹೇಬ್ರಿಗೆ ಒಂದೇ ಸಾಕು."

"ಕೂಡಿಸು."

ಹಾಲಮ್ಮ ಒಳಗೊಳಗೇ ಗೊಣಗಿದಳು. ಮುದುಕರಿಗೆ ಒಂದು ಹೇಳಿದರೆ ಇನ್ನೊಂದು ನೆನಪಾಗುತ್ತದೆ ಎಂದುಕೊಂಡಳು. ಆದರೂ ಮತ್ತೆ ಕೆಲವು ದಿನ ಕೆರೆದಳು. ಮೂರನೆಯ ಪ್ಲೇಟೂ ಮೊದಲನೆಯದಕ್ಕೆ ಸೊಗಸಾಗಿ ಕೂಡಿತು.

"ಈಗ ಇದನ್ನ ಎತ್ತಿಸಿ ಎರಡನೇದರ ಮೇಲೆ ಇಡು."

ಇಟ್ಟಳು.

ಮೇಷ್ಟ್ರು ಮೇಲಿನ ಪ್ಲೇಟಿನ ಮೂಲೆಗೆ ಒಂದು ಬೆರಳು ಹಚ್ಚಿ ತಳ್ಳಿದರು. ಇಬ್ಬರು ಸೇರಿ ಎತ್ತುವಂಥ ಆ ಕಬ್ಬಿಣ ಬುಗುರಿಯ ಹಾಗೆ ನಿಂತಲ್ಲೇ ತಿರುಗಿತು.

ಸುತ್ತ ನಿಂತಿದ್ದವರು ಹತ್ತಿರ ಬಂದರು. ಪ್ಲೇಟನ್ನು ಎತ್ತಿ ನೋಡಿದರೆ ನಟ್ಟನಡುವೆ ಮಾತ್ರ ರೊಟ್ಟಿಯ ತುಣುಕಿನಷ್ಟು ನೀಲಿ. ಸುತ್ತ ಎಲ್ಲ ಬರಿ ಕಬ್ಬಿಣ.

"ಮೊದಲಿನವೆರಡೂ ಕೂಡಿದ್ವಲ್ರಿ, ಮೇಷ್ಟ್ರೇ," ಎಂದಳು ಹಾಲಮ್ಮ.

"ಕೂಡಿದ್ವು. ಮೊದಲನೇದು ಗುಳಿ ಬಿದ್ದೈತಿ, ಅದಕ್ಕೆ ಕೂಡಿದ ಇವೆರಡೂ ಉಬ್ಯಾವೆ. ಉಬ್ಬಿನ ಮೇಲೆ ಉಬ್ಬು ಇಟ್ರೆ ತಿರುಗ್ತೈತಿ. ತಪ್ಪಿಗೆ ತಪ್ಪು ಜೋಡಿಯಾದ್ರೆ ಚೆಂದಾಗೇ ಕೂಡ್ತಾವೆ. ನಾಲ್ಕು ಮಂದಿ ನೋಡಿ ಮಿರ್ಚಿನೂ ಹಂಚ್ತಾರೆ."

"ಹಂಗಾದ್ರೆ ಮೂರರಾಗೆ ಸರಿ ಇರೋದು ಯಾವುದ್ರಿ?"

"ಯಾವುದೂ ಇಲ್ಲ."

"ಮತ್ತೆ ಯಾವುದನ್ನ ನೋಡಿ ತಿದ್ದಲಿ?"

ಮೇಷ್ಟ್ರು ಸೀಮೆಸುಣ್ಣದ ತುಂಡು ತೆಗೆದುಕೊಂಡು ನೆಲದ ಮೇಲೆ ಮೂರು ಚುಕ್ಕೆ ಇಟ್ಟರು. ಒಂದರಿಂದ ಎರಡಕ್ಕೆ ಗೆರೆ ಎಳೆದರು, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ. ಸುಣ್ಣವನ್ನು ಅವಳ ಕೈಗಿಟ್ಟು ಎದ್ದು ಹೋದರು.

ಹಾಲಮ್ಮನಿಗೆ ಸಿಟ್ಟು ಬಂತು. ಪ್ಲೇಟಿನ ಮೇಲೆ ಬಂತೋ, ಮೇಷ್ಟ್ರ ಮೇಲೆ ಬಂತೋ ಅವಳಿಗೇ ತಿಳಿಯಲಿಲ್ಲ. ಮಾರನೆಯ ದಿನ ಸ್ಕ್ರೇಪರನ್ನು ಅವರ ಮುಂದಿಟ್ಟಳು.

"ನಾನು ಪ್ಯಾಕಿಂಗಿಗೇ ಹೋಗ್ತೀನ್ರಿ. ಅಲ್ಲಿ ಮಾಡಿದ್ದು ಮಾಡಿದಂಗೇ ಇರ್ತೈತಿ."

"ಹೋಗು, ತಂಗಿ," ಎಂದರು ಮೇಷ್ಟ್ರು. "ಅಲ್ಲಿ ಮೂರನೇದು ತಂದು ಇಡೋರು ಯಾರೂ ಇಲ್ಲ."

ಹಾಲಮ್ಮ ಬಾಗಿಲ ತನಕ ಹೋದಳು. ನೆಲದ ಮೇಲಿನ ಮೂರು ಚುಕ್ಕೆ, ಮೂರು ಗೆರೆ ಇನ್ನೂ ಅಳಿಸಿರಲಿಲ್ಲ. ವಾಪಸು ಬಂದು ಸ್ಕ್ರೇಪರ್ ತೆಗೆದುಕೊಂಡಳು.

ಈ ಸಲ ಯಾವ ಪ್ಲೇಟನ್ನೂ ಅವಳು ಪೂರಾ ನಂಬಲಿಲ್ಲ. ಒಂದನ್ನು ಎರಡಕ್ಕೆ ಉಜ್ಜಿದಳು, ಎರಡನ್ನು ಮೂರಕ್ಕೆ, ಮೂರನ್ನು ಒಂದಕ್ಕೆ. ಎರಡು ಸೇರಿ ಮುಚ್ಚಿಟ್ಟಿದ್ದನ್ನು ಮೂರನೆಯದು ಬಯಲು ಮಾಡುತ್ತಿತ್ತು. ಗುಳಿ ದಿನೇ ದಿನೇ ಆಳ ಕಳೆದುಕೊಂಡಿತು. ಉಬ್ಬು ತಗ್ಗಿತು. ಹಬ್ಬದ ದಿನ ಊರೆಲ್ಲ ಎಣ್ಣೆ ಸ್ನಾನ ಮಾಡಿದರೆ ಇವಳು ನೀಲಿಯಲ್ಲೇ ಮಿಂದಳು. ಈಗ ಮೂರರಲ್ಲಿ ಯಾವುದನ್ನು ಯಾವುದರ ಮೇಲಿಟ್ಟು ತಳ್ಳಿದರೂ ಒಂದೂ ತಿರುಗಲಿಲ್ಲ.

ಮಿರ್ಚಿ ತರುತ್ತೇವೆ ಎಂದು ಜೊತೆಯವರು ಎದ್ದರು. "ಸಾಹೇಬ್ರು ನೋಡ್ಲಿ, ತಡೀರಿ," ಎಂದಳು ಹಾಲಮ್ಮ.

ಹಬ್ಬ ಕಳೆದು ವಾಲ್ಟರ್ ಬಂದರು. ಪೆಟ್ಟಿಗೆ ತೆರೆದು ಉಪಕರಣ ಇಟ್ಟರು. ಮೂಲೆಯಿಂದ ಮೂಲೆಗೆ ಅಳೆದರು. ಹುಬ್ಬು ಗಂಟಿಕ್ಕಿದರು. ಉಪಕರಣವನ್ನೇ ಒಮ್ಮೆ ಪರೀಕ್ಷಿಸಿಕೊಂಡು ಮತ್ತೆ ಮೊದಲಿನಿಂದ ಅಳೆದರು. ಎರಡನೆಯ ಪ್ಲೇಟು ಅಳೆದರು, ಮೂರನೆಯದೂ ಅಳೆದರು.

"ಒಡೆದುಹೋದ ನಮ್ಮ ಪ್ಲೇಟಿಗಿಂತ ಇವು ಚೆನ್ನಾಗಿವೆ," ಎಂದರು ಕೊನೆಗೆ. "ಮೂರೂ."

ಶೆಡ್ಡಿನ ತಗಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಹಾಲಮ್ಮ ನೀಲಿಗೈಯಲ್ಲೇ ಕಣ್ಣು ಒರೆಸಿಕೊಂಡಳು. ಮುಖವೆಲ್ಲ ನೀಲಿಯಾಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅಷ್ಟು ದೊಡ್ಡ ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ವಾಲ್ಟರ್ ಅಲ್ಲಿಂದಲೇ ಮುಖ್ಯ ಕಚೇರಿಗೆ ಫೋನು ಹಚ್ಚಿದರು. ಹೊಳೆಯ ಕಡೆ ನಡೆಯುತ್ತಾ ಬಹಳ ಹೊತ್ತು ಮಾತಾಡಿದರು. ಬಂದಾಗ ಅವರ ಮುಖವೂ ಅರಳಿತ್ತು.

"ಕೇಂದ್ರ ಉಳಿಯಿತು," ಎಂದರು. "ಇನ್ನೊಂದು ವಿಷಯ. ನಮ್ಮ ದೇಶದಲ್ಲಿ ಈ ಕೆಲಸ ಬಲ್ಲವರೆಲ್ಲ ವಯಸ್ಸಾದವರು. ಅವರ ಬಳಿಕ ಯಾರೂ ಇಲ್ಲ ಎಂಬುದು ಕಚೇರಿಯವರಿಗೆ ಈಗ ಹೊಳೆದಿದೆ. ಯುಗಾದಿಯ ನಂತರ ಅಲ್ಲಿನ ತರುಣರ ಒಂದು ತಂಡ ಕಲಿಯಲು ಇಲ್ಲಿಗೆ ಬರುತ್ತದೆ. ಮೇಷ್ಟ್ರೇ, ಅವರಿಗೆ ಕಲಿಸುವವರು ಯಾರು?"

ಮೇಷ್ಟ್ರು ಮತ್ತೆ ಗದ್ದ ಎತ್ತಿದರು. ಈ ಸಲ ಹಾಲಮ್ಮ ಹಿಂದೆ ತಿರುಗಲಿಲ್ಲ.

"ಮೇಷ್ಟ್ರೇ, ಅಷ್ಟು ದೂರದಿಂದ ಬರೋರಿಗೆ ಕಲಿಸೋವಷ್ಟು ನನಗೆ ಬರ್ತೈತೇನ್ರಿ?"

"ಕೆರೆಯೋದು ಬರ್ತೈತಿ," ಎಂದರು ಮೇಷ್ಟ್ರು. "ಅವರು ತಪ್ಪು ಮಾಡೋವಾಗ ಚಹಾ ಕುಡಿಯೋಕೆ ಎದ್ದು ಹೋಗೋದನ್ನಷ್ಟು ಕಲ್ಕೋ. ನನಗಂತೂ ಅದಕ್ಕಿಂತ ಕಷ್ಟದ ಕೆಲಸ ಯಾವುದೂ ಸಿಕ್ಕಿಲ್ಲ."