ಗಿರಣಿ ಸೈರನ್ನಿನ ಶ್ರುತಿ

ಪೋಲೆಂಡಿನ ಒಂದು ಪಟ್ಟಣದಲ್ಲಿ ಬಟ್ಟೆ ಗಿರಣಿಯ ಕೆಲಸಗಾರರು ಸೇರಿ ಊರಿನ ಮೊದಲ ವಾದ್ಯವೃಂದ ಕಟ್ಟಿದರು. ಅವರ ಮನೆಮನೆಯ ಪಿಟೀಲುಗಳ ನಡುವೆ ರಾಜಧಾನಿಯಿಂದ ತರಿಸಿದ್ದು ಓಬೋ ಎಂಬ ಊದುವಾದ್ಯ ಒಂದೇ. ಉಳಿದವರೆಲ್ಲ ತನ್ನ ಸ್ವರಕ್ಕೇ ಶ್ರುತಿ ಮಾಡಿಕೊಳ್ಳಬೇಕೆಂಬ ನಿಯಮವಿದ್ದುದರಿಂದ ಅದರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ಕಚೇರಿಯ ಸಂಜೆ ಓಬೋ ಸ್ವರ ಎತ್ತುವುದಕ್ಕೂ ಪಕ್ಕದ ಗಿರಣಿಯ ಸೈರನ್ ಕೂಗುವುದಕ್ಕೂ ಸರಿಹೋಯಿತು. ಪಿಟೀಲುಗಳೆಲ್ಲ ಸೈರನ್ನಿಗೇ ತಂತಿ ಬಿಗಿದುಕೊಂಡವು.

"ಅದು ಸ್ವರವಲ್ಲ, ಪಾಳಿ ಮುಗಿಯಿತೆಂಬ ಕೂಗು. ಶಾಸ್ತ್ರ ನನ್ನ ಕಡೆಗಿದೆ," ಎಂದು ಓಬೋ ಗದರಿತು.

"ಇರಬಹುದು ಸ್ವಾಮಿ," ಎಂದಿತು ಆಳೆತ್ತರದ ಪಿಟೀಲಿನಂತಿದ್ದ ಮುದಿ ಡಬಲ್ ಬಾಸ್. "ನಮ್ಮ ಕಿವಿ ಇಪ್ಪತ್ತು ವರ್ಷದಿಂದ ಅದರ ಕಡೆಗಿದೆ."

ಓಬೋ ಹಟ ಹಿಡಿದು ತನ್ನ ಶ್ರುತಿಯಲ್ಲೇ ಊದಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಬಾತುಕೋಳಿ ಎಲ್ಲಿ ಹೊಕ್ಕಿದೆಯೆಂದು ಕುರ್ಚಿಯ ಕೆಳಗೆ ಹುಡುಕಿದಳು.

ವಿರಾಮದಲ್ಲಿ ಓಬೋ ಯಾರಿಗೂ ಕಾಣದಂತೆ ತನ್ನ ಊದುಬಾಯಿಯನ್ನು ಕೂದಲೆಳೆಯಷ್ಟು ಹೊರಗೆಳೆದು, ಸ್ವರವನ್ನು ಉಳಿದವರ ಮಟ್ಟಕ್ಕೆ ಇಳಿಸಿಕೊಂಡಿತು. ಎರಡನೆಯ ಭಾಗ ಹಾಲುಜೇನು ಬೆರೆತಂತೆ ಸಾಗಿತು.

ಚಪ್ಪಾಳೆ ನಿಂತ ಮೇಲೆ ಓಬೋ, "ಅಂತೂ ನೀವೆಲ್ಲ ನನ್ನ ದಾರಿಗೆ ಬಂದಿರಿ," ಎಂದಿತು.

"ಎಲ್ಲ ತಮ್ಮ ದಯೆ," ಎಂದು ತಲೆಬಾಗಿದ ಡಬಲ್ ಬಾಸ್, ಮುಂದಿನ ಕಚೇರಿಯನ್ನೂ ಪಾಳಿ ಮುಗಿಯುವ ಹೊತ್ತಿಗೇ ಇಟ್ಟುಕೊಳ್ಳೋಣವೆಂದು ಬಿನ್ನವಿಸಿಕೊಂಡಿತು.